ಎರ್ವಿನ್ ಅಜ್ಜನ ಫೋಟೋಕ್ಕೆ ಹಾಕಿದ ಹಾರ

ಸಾಣಾಪುರ

ಜರ್ಮನಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಎರಡೇ ಮಾತು: ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ. ಎರಡನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿದೆ, ಅದು ಶುರುವಾದದ್ದು ಸಾಣಾಪುರದಲ್ಲಿ, ನನ್ನ ಅಕ್ಕನ ಮನೆಯಲ್ಲಿ.

ನಾನು ಹನುಮಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿರುವವಳು. ಅಕ್ಕನನ್ನು ಸಾಣಾಪುರಕ್ಕೆ ಕೊಟ್ಟಿದೆ. ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಿ ಪರದೇಶದಿಂದ ಬರುವವರಿಗೆ ಬಾಡಿಗೆಗೆ ಕೊಡುತ್ತಾಳೆ. ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಬಂದು ಇಳಿದವರು ಹೈಕೆ. ಅರವತ್ತು ದಾಟಿದ ಹೆಂಗಸು, ನಿವೃತ್ತ ಶಿಕ್ಷಕಿ. ನಾನು ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆಂದು ಅಕ್ಕ ಹೇಳಿದ್ದೇ ತಡ, ಎರಡು ಬಸ್ಸು ಬದಲಿಸಿ ನಮ್ಮ ಶಾಲೆಗೇ ಬಂದರು. ಮೈದಾನದ ಬಲಗಡೆಯ ಗೆರೆ ಹಿಡಿದು ಓಡಿ, ಗಕ್ಕನೆ ನಿಂತು, ಚೆಂಡನ್ನು ಪಾದದ ಹೊರಗಡೆಯಿಂದ ತಟ್ಟಿ ಮತ್ತೆ ಓಡುವ ಒಂದು ವರಸೆ ತೋರಿಸಿದರು. ಅದು ಅವರ ತಂದೆಯ ಆಟವಂತೆ. ತಂದೆ ಎರ್ವಿನ್ ಐವತ್ತರ ದಶಕದಲ್ಲಿ ಬಲಬದಿಯ ವಿಂಗರ್, ಏಳನೇ ನಂಬರಿನ ಅಂಗಿ. ವಾರವೆಲ್ಲ ಕಲ್ಲಿದ್ದಲು ಗಣಿಯಲ್ಲಿ ಕೆಲಸ, ಭಾನುವಾರ ಆಟ. ದೇಶದ ತಂಡದ ತರಬೇತಿಗೂ ಒಮ್ಮೆ ಕರೆ ಬಂದಿತ್ತಂತೆ. ದೊಡ್ಡದೊಂದು ಪಂದ್ಯ, ಕೊನೆಯ ನಿಮಿಷ, ಕೀಪರ್ ನೆಲಕ್ಕೆ ಬಿದ್ದಿದ್ದಾನೆ, ಚೆಂಡು ತಂದೆಯ ಕಾಲಿನಲ್ಲಿ — ಇಷ್ಟು ಹೇಳಿ ಹೈಕೆ ಕಣ್ಣೊರೆಸಿಕೊಂಡರು. ಕಪ್ಪು-ಬಿಳುಪಿನ ಒಂದು ಫೋಟೋವನ್ನು ನನ್ನ ಕೈಯಲ್ಲಿಟ್ಟು, ಶಾಲೆಯಲ್ಲಿರಲಿ ಎಂದರು.

ಕಣ್ಣೊರೆಸಿಕೊಂಡವರನ್ನು 'ತಂದಿ ಅದಾರೇನ್ರಿ, ಹೋಗ್ಯಾರೇನ್ರಿ' ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಕೇಳಲಿಲ್ಲ. ಚೆಂಡು ಎಲ್ಲಿಗೆ ಹೋಯಿತು ಎಂದೂ ಕೇಳಲಿಲ್ಲ. ಎರಡನ್ನೂ ನಾನೇ ತುಂಬಿಕೊಂಡೆ.

ಕುಷ್ಟಗಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವವನಂತೂ ಏನನ್ನೂ ಕೇಳದೆ ಎಲ್ಲ ತಿಳಿದುಕೊಂಡ. "ಹಾರ ಗಂಧದ್ದು ಹಾಕ್ಲೋ, ಪ್ಲಾಸ್ಟಿಕ್ಕಿಂದೋ? ಝೀರೋ ಬಲ್ಬು ಬೇಕಲ್ರಿ?" ಎಂದ. ಬೇಕು ಎಂದೆ. ಆ ವರ್ಷದಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕಿನ ಹುಡುಗಿಯರ ತಂಡಗಳನ್ನು ಕರೆದು 'ದಿವಂಗತ ಎರ್ವಿನ್ ಸ್ಮರಣಾರ್ಥ' ಎಂದು ಬ್ಯಾನರು ಕಟ್ಟಿ ಪಂದ್ಯಾವಳಿ ನಡೆಸಿದೆವು. ಪಂದ್ಯಕ್ಕೆ ಮೊದಲು ಫೋಟೋಕ್ಕೆ ಕುಂಕುಮ, ಹೂವು, ಊದುಬತ್ತಿ. ಎರಡು ನಿಮಿಷ ಮೌನ. ಆಮೇಲೆ ನನ್ನ ಭಾಷಣ: ಕೊನೆಯ ನಿಮಿಷದಲ್ಲಿ ಎರ್ವಿನ್ ಅಜ್ಜ ಹೊಡೆದ ಗೋಲಿನ ಕಥೆ. ಮೂರು ವರ್ಷ ಹೇಳಿದೆ. ಹೇಳಿದಷ್ಟೂ ಗೋಲು ಚೆನ್ನಾಗುತ್ತ ಹೋಯಿತು. ಹೈಕೆಗೆ ವಾಟ್ಸಾಪಿನಲ್ಲಿ ಹುಡುಗಿಯರು ಆಡುವ ಚಿತ್ರ ಮಾತ್ರ ಕಳಿಸುತ್ತಿದ್ದೆ. ಪಂದ್ಯಾವಳಿಯ ಹೆಸರನ್ನು ಎಂದಾದರೂ ಮುಖತಃ ಹೇಳಿ ಖುಷಿಪಡಿಸಬೇಕು ಎಂದಿಟ್ಟುಕೊಂಡಿದ್ದೆ.

ಹೋದ ಸಲದ ಫೈನಲ್ ಯಲಬುರ್ಗಾದ ತಂಡದ ಮೇಲೆ. ನಮ್ಮ ಏಳನೇ ನಂಬರು ಹುಲಿಗೆವ್ವ. ಒಂಬತ್ತನೇ ಇಯತ್ತೆ, ಕೂಲಿ ಮಾಡುವವರ ಮಗಳು, ಗಾಳಿಯಂತೆ ಓಡುತ್ತಾಳೆ. ಕೊನೆಗೆ ಕೀಪರ್ ಬಿದ್ದಿದ್ದಳು, ಎದುರಿಗೆ ಗೋಲು ಬಟಾಬಯಲು. ಹುಲಿಗೆವ್ವ ಮೇಲಕ್ಕೆ ಹೊಡೆದಳು, ಸೋತೆವು. ಎಲ್ಲರ ಮುಂದೆ ಫೋಟೋದ ಕಡೆ ಕೈ ತೋರಿಸಿ ನಾನಂದೆ: "ನೋಡ, ಆ ಅಜ್ಜಗ ಇದ ಜಾಗಾದಾಗ ಆಗಿತ್ತು, ನಿನಗ ಆಗಲಿಲ್ಲ. ಅವ್ರ ಅಂಗೀ ನಂಬರ ಹಾಕ್ಕೊಂಡೀಯಲ್ಲ, ನಾಚಿಕಿ ಬರಂಗಿಲ್ಲೇನ?" ಬುದ್ಧಿ ಬರಲೆಂದು ಮುಂದಿನ ವಾರದ ಕೊಪ್ಪಳದ ಪಂದ್ಯಕ್ಕೆ ಅವಳ ಹೆಸರು ಬಿಟ್ಟು ಪಟ್ಟಿ ಬರೆದೆ. ಅವಳು ಅಂಗಿ ಒಗೆದು, ಮಡಿಚಿ, ನನ್ನ ಮೇಜಿನ ಮೇಲಿಟ್ಟು ಹೋದಳು. ಮತ್ತೆ ಮೈದಾನಕ್ಕೆ ಬರಲಿಲ್ಲ.

ಫ್ರಾಂಕ್‌ಫರ್ಟ್

ಬೇಸಿಗೆ ರಜೆಗೆ ಬಂದು ಹೋಗಿ ಎಂದು ಹೈಕೆ ಟಿಕೆಟ್ಟೇ ಕಳಿಸಿದರು. ಚೀಲದಲ್ಲಿ ನಾನಿಟ್ಟುಕೊಂಡದ್ದು ಖಡಕ್ ರೊಟ್ಟಿ ಐವತ್ತು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಪಂದ್ಯಾವಳಿಯ ಆಲ್ಬಮ್ಮು, ಹೈಕೆಯ ಮನೆಯಲ್ಲಿರುವ ತಂದೆಯ ಫೋಟೋಕ್ಕೆ ಹಾಕಲು ಒಂದು ಹೊಸ ಗಂಧದ ಹಾರ.

ವಿಮಾನ ನಿಲ್ದಾಣದಲ್ಲಿ ಎತ್ತರದ ಅಧಿಕಾರಿಯೊಬ್ಬ ಚೀಲ ತೆರೆಸಿದ. ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ಟಕಟಕ ಬಡಿದು ನೋಡಿದ. ತಿನ್ನುವುದು ಎಂದು ಸನ್ನೆ ಮಾಡಿದೆ. ನಂಬಲಿಲ್ಲ. ಮೂಲೆ ಮುರಿದು ಚಟ್ನಿಪುಡಿ ಅದ್ದಿ ಅವನೆದುರೇ ತಿಂದೆ. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ, ಮುಂದಕ್ಕೆ ನುಗ್ಗಲಿಲ್ಲ. ನಮ್ಮ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಇಷ್ಟು ಹೊತ್ತಿಗೆ ಮೂರು ಜನ ನನಗೆ ವಕೀಲರಾಗಿ ಮೂರು ಜನ ಅವನ ಪಕ್ಷ ಸೇರಿರುತ್ತಿದ್ದರು. ಕೊನೆಗೆ ಆ ಅಧಿಕಾರಿ ಹಾರದ ಪೊಟ್ಟಣ ಮೂಸಿ ನೋಡಿ, ಮುಖ ಅರಳಿಸಿ, ಎಲ್ಲವನ್ನೂ ನನಗಿಂತ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟ.

ಗಣಿಯ ಊರು

ರೈಲಿನಲ್ಲಿ ಹೈಕೆ ನನ್ನ ಪಕ್ಕದಲ್ಲಿ ಕುಳಿತು ನಗುತ್ತಲೇ ಇದ್ದರು. ಮನೆಯಲ್ಲಿ ಒಬ್ಬರು ನಿಮಗಾಗಿ ಕಾಯುತ್ತಿದ್ದಾರೆ ಎಂದರು. ಬೆಕ್ಕೋ ಮೊಮ್ಮಗುವೋ ಇರಬೇಕು ಎಂದುಕೊಂಡೆ.

ಅವರದು ಕೆಂಪಿಟ್ಟಿಗೆಯ ಮನೆಗಳ ಸಾಲು. ಗಣಿಗಳು ಮುಚ್ಚಿ ಬಹಳ ವರ್ಷವಾಗಿವೆ, ಒಂದು ಕಬ್ಬಿಣದ ಗೋಪುರ ಮಾತ್ರ ಊರ ತುದಿಯಲ್ಲಿ ನಿಂತಿದೆ. ಬಾಗಿಲ ಮುಂದೆ ಬಗ್ಗಿ ಚಪ್ಪಲಿ ಬಿಡುತ್ತಿದ್ದೆ, ಬಾಗಿಲು ತೆರೆಯಿತು. ಮೊದಲು ಕಣ್ಣಿಗೆ ಬಿದ್ದದ್ದು ಚಡ್ಡಿಯ ಕೆಳಗಿನ ಎರಡು ಮುದಿ ಮೊಣಕಾಲು. ಚರ್ಮದೊಳಗೆ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು. ತಲೆ ಎತ್ತಿದೆ. ಫೋಟೋದೊಳಗಿನ ಕಿವಿಗಳು! ಅಗಲವಾದ, ಮುಂದಕ್ಕೆ ಬಾಗಿದ ಆ ಕಿವಿಗಳ ಮೇಲೆ ಬಿದ್ದ ಕುಂಕುಮವನ್ನು ಪ್ರತಿ ಶನಿವಾರ ಒರೆಸುತ್ತಿದ್ದವಳು ನಾನು. ನನಗೆ ಗೊತ್ತಾಗದೆ ಹೇಗಿರುತ್ತದೆ?

"ನನ್ನ ತಂದೆ," ಎಂದರು ಹೈಕೆ. "ತೊಂಬತ್ತೆರಡು."

ಅಜ್ಜ ಕೈ ಚಾಚಿದರು. ಆ ಹೊತ್ತಿಗೆ ನನ್ನ ಮನಸ್ಸಿಗೆ ಬಂದ ಮೊದಲ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ. ಇನ್ನೊಂದೆರಡು ವರ್ಷ ಬಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ಎಂದುಕೊಂಡೆ. ಕೈ ಹಿಡಿದು ನಗುತ್ತಿರುವ ಮನುಷ್ಯನ ಎದುರು ಹೀಗೆ ಯೋಚಿಸಿದೆ.

ಗಣಿಯ ಊರು, ನಾಲ್ಕು ದಿನ

ಅಜ್ಜನಿಗೆ ಬರುವುದು ಜರ್ಮನ್ ಒಂದೇ. ಹೈಕೆ ಅದನ್ನು ಇಂಗ್ಲಿಷಿಗೆ ತರುತ್ತಿದ್ದರು. ನನ್ನ ತಲೆಯೊಳಗೆ ಅದು ನಮ್ಮ ಕಡೆಯ ಮಾತಾಗಿಯೇ ಇಳಿಯುತ್ತಿತ್ತು, ಇಲ್ಲೂ ಹಾಗೆಯೇ ಬರೆಯುತ್ತೇನೆ.

ಚಳಿ ಅಂಥದೇನಿರಲಿಲ್ಲ, ಮೇ ತಿಂಗಳು. ರಾತ್ರಿಯ ಊಟಕ್ಕೆ ಒಲೆ ಹಚ್ಚುವುದಿಲ್ಲ, ತಣ್ಣನೆಯ ಬ್ರೆಡ್ಡು, ಸೌತೆಕಾಯಿ. ಅಜ್ಜನಿಗೆ ನನ್ನ ಖಡಕ್ ರೊಟ್ಟಿ ಹಿಡಿಸಿಬಿಟ್ಟಿತು. ಹಾಲಿನಲ್ಲಿ ನೆನೆಸಿ ತಿನ್ನಿ ಎಂದರೆ ಕೇಳಲಿಲ್ಲ. ಕಟ್ಟಿಸಿದ ಹಲ್ಲಿನಲ್ಲೇ ಕಟುಂ ಎನಿಸಿ, "ಇದು ನಮ್ಮ ಗಣಿ ಗೋಡಿಗಿಂತ ಮೆತ್ತಗ ಐತಿ" ಎಂದರು.

ಎರಡನೆಯ ದಿನ ನನ್ನ ಕೋಣೆಯ ಕಿಟಕಿ ತೆರೆಯಲು ಹಿಡಿಕೆ ಮೇಲಕ್ಕೆ ತಿರುಗಿಸಿದೆ. ಇಡೀ ಕಿಟಕಿ ಮೇಲಿನಿಂದ ಕಳಚಿ ಒಳಕ್ಕೆ ವಾಲಿತು. ಮುರಿದೇ ಹೋಯಿತೆಂದು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತೆ. ಕೂಗಲು ನಾಚಿಕೆ, ಬಿಡಲು ಹೆದರಿಕೆ. ಕಾಲು ಗಂಟೆಯ ಮೇಲೆ ಹೈಕೆ ಚಹಾಕ್ಕೆ ಕರೆಯಲು ಬಂದು ನೋಡಿ, ನಗುತ್ತ ನನ್ನ ಕೈ ಬಿಡಿಸಿದರು. ಅಲ್ಲಿನ ಕಿಟಕಿಗಳು ಗಾಳಿಗೆಂದು ಹಾಗೆಯೇ ವಾಲುತ್ತವೆಯಂತೆ. ನನಗೆ ನಗು ಬರಲಿಲ್ಲ. ಇನ್ನೊಂದು ಗುಟ್ಟನ್ನೂ ಹೀಗೇ ಒತ್ತಿ ಹಿಡಿದು ನಿಂತಿದ್ದೆನಲ್ಲ.

ಅಜ್ಜ ಆಸರೆಗೆ ನಾಲ್ಕು ಗಾಲಿಯ ಕೈಗಾಡಿ ತಳ್ಳಿಕೊಂಡು ನಡೆಯುತ್ತಾರೆ. ಹಾದಿ ಎಷ್ಟೇ ಅಗಲವಿದ್ದರೂ ಬಲಗಡೆಯ ಅಂಚು ಬಿಟ್ಟು ಬರುವುದಿಲ್ಲ. ಮನೆಯೊಳಗೂ ಬಲಗೋಡೆ ಸವರಿಕೊಂಡೇ ಓಡಾಟ. ಯಾಕೆ ಎಂದು ಕೇಳಿದೆ.

"ನಡುವ ಎಲ್ಲಾರೂ ಇರ್ತಾರ," ಎಂದರು. "ಅಂಚಿನ್ಯಾಗ ಜಾಗಾ ಇರ್ತೈತಿ."

ಮೊಣಕಾಲಿನ ಚುಕ್ಕೆಗಳ ಕಥೆಯನ್ನೂ ಹೇಳಿದರು. ಆಗ ಅವರ ಮೈದಾನದಲ್ಲಿ ಹುಲ್ಲಿರಲಿಲ್ಲ, ಗಣಿಯ ಕುಲುಮೆಯ ಬೂದಿ-ಕಿಟ್ಟ ಹರಡಿ ಆಡುತ್ತಿದ್ದರು. ಬಿದ್ದಾಗ ಒಳಹೊಕ್ಕ ಕಿಟ್ಟ ಎಪ್ಪತ್ತು ವರ್ಷದಿಂದ ಅಲ್ಲೇ ಇದೆ. ನಮ್ಮ ಹುಡುಗಿಯರ ಮೊಣಕಾಲು ನೆನಪಾಯಿತು. ನಮ್ಮದು ಗರಸುಮಣ್ಣಿನ ಮೈದಾನ, ಬಿದ್ದರೆ ಮೊಣಕಾಲು ಕೆಂಪು.

ಮೊದಲ ದಿನವೇ ಮನೆಗೆ ಫೋನು ಮಾಡಿದ್ದೆ. ನಮ್ಮ ಮನೆಯವರು ಬಸ್ ಕಂಡಕ್ಟರ್. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಊಟಕ್ಕೆ ಕುಳಿತಿದ್ದರು. ವಿಷಯ ಕೇಳಿ ತುತ್ತು ನೆತ್ತಿಗೇರಿ ಕೆಮ್ಮಿದರು.

"ಏನಂದಿ? ಸತ್ತ ಅಜ್ಜ ಬಾಗಿಲಾ ತಗದ್ರಾ?"

"ನಗಬ್ಯಾಡ್ರಿ. ನನಗ ಜೀವಾ ಹೋಗಾಕತ್ತೈತಿ."

"ನಿನಗೂ ಒಂದು ಹಾರ ತರಬೇಕೇನು ಮತ್ತ? ಅಲ್ಲ, ಮೂರು ವರ್ಷ ಊದಬತ್ತಿ ಹಚ್ಚೀರಿ, ಆಯುಷ್ಯ ಗಟ್ಟಿ ಆಗೇತಿ ಬಿಡು." ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: "ನೋಡ, ಅಲ್ಲಿ ಯಾರಿಗೆ ಕನ್ನಡ ಬರ್ತೈತಿ? ಯಾರಿಗೆ ನಮ್ಮ ಪದ್ಧತಿ ಗೊತ್ತೈತಿ? ಆಲ್ಬಮ್ ತಗೀಬ್ಯಾಡ. ಸುಮ್ಮನ ಉಂಡು ತಿರುಗಾಡಿ ಬಾ."

ಹಾಗೆಯೇ ಮಾಡಿದೆ. ಹೈಕೆ ಹುಡುಗಿಯರ ಫೋಟೋ ಕೇಳಿದಾಗಲೆಲ್ಲ ಫೋನಿನಲ್ಲಿದ್ದ ನಾಲ್ಕನ್ನೇ ತಿರುಗಿಸಿ ತೋರಿಸಿದೆ.

ಭಾನುವಾರದ ಮೈದಾನ

ಅಲ್ಲಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾಫಿ, ಕೇಕು. ಪೂಜೆಯ ಹೊತ್ತಿನಂತೆ ಆ ಹೊತ್ತು ತಪ್ಪುವುದಿಲ್ಲ. ಅಜ್ಜ ಕೇಕು ಬೇಡ, ರೊಟ್ಟಿ ಬೇಕೆಂದು ಹಟ ಹಿಡಿದರು. ನನ್ನ ಚೀಲದಲ್ಲಿದೆ, ತನ್ನಿ ಎಂದು ಹೈಕೆಗೆ ಹೇಳಿ ಕಾಫಿ ಬಗ್ಗಿಸುತ್ತಿದ್ದೆ. ಹೇಳಿದ ಮೇಲೆ ಆ ಚೀಲದಲ್ಲಿ ಇನ್ನೇನಿದೆ ಎಂಬುದು ನೆನಪಾಯಿತು. ಹೈಕೆ ಬಂದಾಗ ರೊಟ್ಟಿಯ ಡಬ್ಬಿಯ ಮೇಲೆ ಆಲ್ಬಮ್ಮೂ ಇತ್ತು, ಹಾರದ ಪೊಟ್ಟಣವೂ ಇತ್ತು.

ಮೊದಲ ಪುಟದಲ್ಲೇ ಅಜ್ಜನ ಫೋಟೋ: ಗಂಧದ ಹಾರ, ಹಣೆಗೆ ಕುಂಕುಮ, ಕೆಳಗೆ ದೀಪ, ಎದುರಿಗೆ ತಲೆ ತಗ್ಗಿಸಿ ನಿಂತ ನಾಲ್ಕು ತಾಲೂಕಿನ ಹುಡುಗಿಯರು.

ಅಜ್ಜ ಕನ್ನಡಕ ತರಿಸಿದರು. ಬಹಳ ಹೊತ್ತು ನೋಡಿದರು.

"ನನಗ ಹಾರ ಹಾಕ್ಯಾರ," ಎಂದರು. "ಹೈಕೆ, ನೋಡ ಇಲ್ಲೆ. ಆವತ್ತು ಆ ತಂಡದವರಿಗೆ ಎಲೀ ಹಾರ ಹಾಕಿದ್ರು. ನಾ ದೂರ ನಿಂತು ನೋಡಿದ್ನಿ. ನನ್ನ ಕೊಳ್ಳಾಗ ಎಂದೂ ಬಿದ್ದಿರಲಿಲ್ಲ." ಗೆದ್ದವರ ಕೊರಳಿಗೆ ಹಾರ ಹಾಕುವುದು ಅವರ ರೂಢಿ. ಅವರು ತಿಳಿದದ್ದು ಅದನ್ನೇ.

ಆಗಲೇ ಹೇಳಬೇಕಿತ್ತು. ನಾನು ಕಾಫಿಗೆ ಸಕ್ಕರೆ ಕದಡುತ್ತ ಕುಳಿತೆ.

ಅವರು ಆಲ್ಬಮ್ಮನ್ನು ಕೈಗಾಡಿಯ ಬುಟ್ಟಿಯಲ್ಲಿಟ್ಟುಕೊಂಡು ಮೈದಾನಕ್ಕೆ ಹೊರಟರು. ಈಗ ಅಲ್ಲಿ ಹಸಿರು ಹುಲ್ಲಿದೆ, ಊರ ಹುಡುಗರ ಪಂದ್ಯವಿತ್ತು. ಆಟ ಬಿಟ್ಟ ಮೇಲೆ ಅಜ್ಜ ಅಲ್ಲೇ ಸುಣ್ಣದ ಗೆರೆ ಎಳೆಯುವ ಕೆಲಸ ಮಾಡಿಕೊಂಡಿದ್ದರಂತೆ, ಎಲ್ಲರಿಗೂ ಪರಿಚಯ. ಕ್ಲಬ್ಬಿನ ಕೋಣೆಯ ಗೋಡೆಯ ತುಂಬ ಹಳೆಯ ಫೋಟೋ, ಇವರದು ಮಾತ್ರ ಇರಲಿಲ್ಲ. ಬಂದವರಿಗೆಲ್ಲ ಆಲ್ಬಮ್ಮು ಬಿಚ್ಚಿ ತೋರಿಸಿದರು. ಮುದುಕರು ಬಿಯರಿನ ಗ್ಲಾಸು ಎತ್ತಿ ನನ್ನ ಕಡೆ ತಲೆ ಬಾಗಿಸಿದರು. ಒಬ್ಬರು ಬಂದು ನನ್ನ ಕೈ ಕುಲುಕಿ, ನಮ್ಮ ಊರು ಮಾಡದ್ದನ್ನು ನೀವು ಮಾಡಿದಿರಿ ಎಂದರು. ನಾನು ಥ್ಯಾಂಕ್ಸ್ ಎಂದೆ. ಅದನ್ನೂ ಅಂದೆ.

ಆಮೇಲೆ ಅಜ್ಜ ಪೊಟ್ಟಣದಿಂದ ಹಾರ ತೆಗೆದು ನನ್ನ ಕೈಗೆ ಕೊಟ್ಟು, ಬಲಗಡೆಯ ಗೆರೆಯ ಹತ್ತಿರ ಹೋಗಿ ನಿಂತು, ಕೈಗಾಡಿ ಹಿಡಿದು ತಲೆ ಬಗ್ಗಿಸಿದರು. ಬೋಳುತಲೆ, ಎರಡು ದೊಡ್ಡ ಕಿವಿ. ಫೋಟೋಕ್ಕೆಂದು ತಂದ ಹಾರವನ್ನು ಆ ಬೆಚ್ಚನೆಯ ಕೊರಳಿಗೆ ಹಾಕಲು ನನ್ನ ಕೈ ಏಳಲಿಲ್ಲ.

"ಹೈಕೆ, ನನ್ನ ಕ್ಷಮಿಸಿ," ಎಂದೆ. ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ನಮ್ಮಲ್ಲಿ ಫೋಟೋಕ್ಕೆ ಹೀಗೆ ಹಾರ ಹಾಕುವುದು ಯಾರಿಗೆ, ಹುಡುಗಿಯರು ತಲೆ ತಗ್ಗಿಸಿ ನಿಂತದ್ದು ಯಾಕೆ, ಬ್ಯಾನರಿನ ಮೇಲೆ ಬರೆದದ್ದು ಏನು. ಹೈಕೆಯ ಮುಖ ಬಿಳಿಚಿತು. ತಂದೆಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅಜ್ಜ ಒತ್ತಾಯ ಮಾಡಿದ ಮೇಲೆ ಹೇಳಿದರು.

ಅಜ್ಜ ನನ್ನನ್ನು ನೋಡಿದರು, ಆಲ್ಬಮ್ಮು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈಗಾಡಿ ಅಲುಗಾಡುವಷ್ಟು ನಕ್ಕರು.

"ಎಷ್ಟೊತ್ತು ಸುಮ್ಮನ ನಿಂತಿದ್ರಿ?"

"ಎರಡು ನಿಮಿಷ ರೀ. ಪ್ರತಿ ವರ್ಷ."

"ಹುಡುಗ್ಯಾರು ಅತ್ತ್ರೇನು?"

"ಅತ್ತಾರ್ರಿ."

"ಛಲೋ ಆತು. ಇಲ್ಲೆ ಅಳಾವ್ರು ಯಾರೂ ಉಳದಿಲ್ಲ." ಕಣ್ಣೊರೆಸಿಕೊಂಡು ಕೇಳಿದರು: "ನನ್ನ ಬಗ್ಗೆ ಏನ್ ಹೇಳ್ತಿದ್ದಿ ಅವರಿಗೆ?"

ಇಷ್ಟು ನಕ್ಕ ಮೇಲೆ ನನಗೆ ಧೈರ್ಯ ಬಂದಿತ್ತು. ಗೋಲಿನ ಕಥೆ ಹೇಳಿದೆ. ಕೊನೆಯ ನಿಮಿಷ, ಬಿದ್ದ ಕೀಪರ್, ಬಲೆಯೊಳಗೆ ಹೋದ ಚೆಂಡು.

ಅಜ್ಜನ ನಗು ನಿಂತಿತು. ಹೈಕೆ ನೆಲ ನೋಡತೊಡಗಿದರು.

"ಅದು ಮ್ಯಾಲ ಹೋತು," ಎಂದರು ಅಜ್ಜ. "ಗೋಲು ಬಟಾಬಯಲಿತ್ತು. ನಾ ಮ್ಯಾಲ ಹೊಡದ್ನಿ. ಸೋತ್ವಿ. ಆಮ್ಯಾಲ ದೇಶದ ತಂಡದ ಕರೀನೂ ಮತ್ತ ಬರಲಿಲ್ಲ." ಕೈಗಾಡಿಯನ್ನು ಗೆರೆಯ ಕಡೆ ತಿರುಗಿಸಿದರು. "ಬಟ್ಟೀ ಬದಲಿಸೂ ಕೋಣ್ಯಾಗ ಯಾರೂ ಒಂದು ಮಾತು ಆಡಲಿಲ್ಲ. ಮುಂದಿನ ರವಿವಾರದ ಪಟ್ಟಿ ಹಚ್ಚಿದ್ರು. ನೋಡಾಕ ನನಗ ಧೈರ್ಯ ಇರಲಿಲ್ಲ. ಗೆಳ್ಯಾ ಒಬ್ಬಾವ ಬಂದು ಹೇಳಿದ. ಏಳನೇ ನಂಬರಿಗೆ ನನ್ನ ಹೆಸರ ಇತ್ತು. ಆ ಪಟ್ಟಿಂದ ಇನ್ನೂ ಎರಡು ವರ್ಷ ಆಡಿದ್ನಿ, ಮೊಣಕಾಲು ಹೋಗೂತನಕ."

ಮಡಿಚಿಟ್ಟ ಅಂಗಿ ಕಣ್ಣಮುಂದೆ ಬಂತು. ಹುಲಿಗೆವ್ವನ ವಿಷಯವನ್ನೂ ಅಲ್ಲೇ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಅದಕ್ಕೆ ಅಜ್ಜ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನೋಡವಾ," ಎಂದರು, "ನಾ ಸತ್ತೀನಿ ಅಂದದ್ದು ಇವತ್ತಲ್ಲ ನಾಳೆ ತಾನ ಖರೆ ಆಗ್ತೈತಿ. ಅದನ್ನ ಹಂಗ ಬಿಟ್ರೂ ನಡೀತೈತಿ. ಆ ಗೋಲು ಎಂದೂ ಖರೆ ಆಗೂದಿಲ್ಲ. ಅದನ್ನ ಹೋಗಿ ಸರಿ ಮಾಡು. ಆ ಹುಡುಗಿಗೆ ಮೊದಲು ಹೇಳು."

ಹಾರವನ್ನು ಅವರೇ ತೆಗೆದುಕೊಂಡು ಮೈದಾನದ ಮೂಲೆಯ ಬಾವುಟದ ಕೋಲಿಗೆ ಹಾಕಿದರು. ಗಾಳಿಗೆ ಗಂಧದ ವಾಸನೆ ಬರುತ್ತಿತ್ತು. ಮನೆಗೆ ಹೋಗುವಾಗ ಮೂವರೂ ಒಂದೂ ಗಾಡಿಯಿಲ್ಲದ ರಸ್ತೆಯಲ್ಲಿ ಕೆಂಪು ದೀಪ ಹಸಿರಾಗುವವರೆಗೆ ನಿಂತೆವು. ಮೊದಲ ದಿನ ಆ ಪದ್ಧತಿಗೆ ಒಳಗೊಳಗೇ ನಕ್ಕಿದ್ದೆ.

ಹನುಮಸಾಗರ

ಜೂನ್ ಮೊದಲ ವಾರ ಶಾಲೆ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಅಜ್ಜ ಇನ್ನೂ ಇದ್ದಾರೆಂದು ಹೇಳಿ, ಸ್ಟೂಲು ಹಾಕಿಕೊಂಡು ಫೋಟೋದ ಹಾರ ತೆಗೆಯಲು ಹತ್ತಿದೆ. ನಮ್ಮ ಹೆಡ್ ಮೇಷ್ಟ್ರು ಚಹಾ ಕುಡಿಯುತ್ತ ಅಂದರು: "ಇರ್ಲಿ ಬಿಡ್ರಿ ಟೀಚರ್. ತೊಂಬತ್ತೆರಡು ಅಂತೀರಿ. ಈಗ ತಗದು ಮತ್ತ ಹಾಕೂದು ಯಾಕ?" ಎಲ್ಲರೂ ನಕ್ಕರು. ಆ ಬಾಗಿಲಲ್ಲಿ ನಿಂತಾಗ ನಾನೂ ಅದನ್ನೇ ಯೋಚಿಸಿದ್ದೆನಲ್ಲ. ಹಾರ ತೆಗೆದೆ, ಬಲ್ಬು ಬಿಚ್ಚಿದೆ. ಕುಂಕುಮ ಒರೆಸಿದೆ. ಗಾಜಿನ ಮೇಲೆ ಕೆಂಪು ಕಲೆ ಸ್ವಲ್ಪ ಉಳಿದೇ ಉಳಿಯಿತು.

ಸಂಜೆ ಹುಲಿಗೆವ್ವನ ಮನೆಗೆ ಹೋದೆ. ಅವ್ವ ಕೂಲಿಯಿಂದ ಇನ್ನೂ ಬಂದಿರಲಿಲ್ಲ. ಅವಳು ಅಂಗಳದಲ್ಲಿ ಕುಳಿತು ಬೂದಿ ಹಚ್ಚಿ ಬೋಗುಣಿ ತಿಕ್ಕುತ್ತಿದ್ದಳು.

"ಬರ್ರಿ ಟೀಚರ್, ಕುಂದರ್ರಿ," ಎಂದಳು. ತಲೆ ಎತ್ತಲಿಲ್ಲ.

"ಎರ್ವಿನ್ ಅಜ್ಜ ಇನ್ನೂ ಅದಾರವ್ವ."

"ಗೊತ್ತಾತ್ರಿ. ಸಾಲ್ಯಾಗ ಎಲ್ಲಾರೂ ನಗಾಕತ್ತಿದ್ರು."

"ಅವರು ಆ ಗೋಲು ಹೊಡದಿಲ್ಲ. ನಿನ್ನಂಗ ಮ್ಯಾಲ ಹೋಗಿತ್ತಂತ. ಹೊಡದ್ರು ಅಂತ ನಾನ ಕಟ್ಟಿ ಹೇಳಿದ್ದು. ನನ್ನ ತಪ್ಪಾತು."

ಅವಳ ಕೈ ನಿಂತಿತು. ನನ್ನ ಮೊಬೈಲಿನಲ್ಲಿದ್ದ ಅಜ್ಜನ ಚಿತ್ರ ತೋರಿಸಿದೆ. ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು, ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ ಮೊಣಕಾಲಿನ ಚುಕ್ಕೆಗಳನ್ನು ನೋಡಿದಳು.

"ಆಮ್ಯಾಲ ಆಡಿದ್ರೇನ್ರಿ ಇವರು?"

"ಎರಡು ವರ್ಷ ಆಡಿದ್ರು."

"ಹಂಗಾದ್ರ ಅವರಿಗೆ ಯಾರೂ ಬೈದಿರಲಿಕ್ಕಿಲ್ಲ ಬಿಡ್ರಿ," ಎಂದು ಫೋನು ನನ್ನ ಕೈಗಿಟ್ಟಳು. ಮತ್ತೆ ಬೋಗುಣಿ ಹತ್ತಿರಕ್ಕೆ ಎಳೆದುಕೊಂಡಳು.

ಮರುದಿನ ಪ್ರಾರ್ಥನೆಯ ಸಾಲಿನಲ್ಲಿ, ಇಡೀ ಶಾಲೆಯ ಮುಂದೆ, ಎರಡನ್ನೂ ಹೇಳಿದೆ. ಅಜ್ಜನ ಗೋಲನ್ನೂ, ಹುಲಿಗೆವ್ವನಿಗೆ ನಾನಂದ ಮಾತನ್ನೂ. ಆಮೇಲೆ ಮುಂದಿನ ಪಂದ್ಯದ ಪಟ್ಟಿ ಬರೆದು ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಹಚ್ಚಿದೆ. ಏಳನೇ ನಂಬರಿಗೆ ಅವಳ ಹೆಸರಿದೆ.

ಅಂಗಿ ನನ್ನ ಮೇಜಿನ ಮೇಲೆ ಅವಳು ಮಡಿಚಿಟ್ಟ ಹಾಗೇ ಇದೆ. ಹನ್ನೊಂದು ದಿನವಾಯಿತು. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲ ಮುಂದೆ ಯಾರೋ ಬಂದು ನಿಂತು ಪಟ್ಟಿ ಓದಿದಂತೆ ಒಳಗೆ ಕುಳಿತ ನನಗೆ ಅನಿಸಿತು. ಎದ್ದು ಹೋಗಿ ನೋಡಲು ನನಗೆ ಮುಖವಿರಲಿಲ್ಲ.